‘ಖಾಲಿ’ ಹೊಲದಲ್ಲಿ 31 ಬಗೆಯ ಹಕ್ಕಿ

ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನ ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಕೇಳಿಬರುವ ಊರುಗಳ ಹೆಸರು ಹೆಚ್ಚೂಕಡಿಮೆ ಒಂದೇ: ಚಿಕ್ಕಮಗಳೂರು, ಸಕಲೇಶಪುರ, ಗೋಕರ್ಣ, ದಾಂಡೇಲಿ. ಮಂಜು ಇರಬೇಕು, ಹಸಿರು ಇರಬೇಕು, ರೀಲ್ಸ್‌ಗೆ ಒಂದು ಜಲಪಾತ ಇರಬೇಕು. 2025ರ ಜನವರಿಯಲ್ಲಿ ಸಂಕ್ರಾಂತಿ ಮುಗಿದ ವಾರಾಂತ್ಯ ನಾವು ನಾಲ್ವರು ಹೊರಟಿದ್ದು ಮಾತ್ರ ಹಿರಿಯೂರು ತಾಲ್ಲೂಕಿನ ಆದಿವಾಲಕ್ಕೆ. ‘ಅಲ್ಲೇನಿದೆ? ಹೆದ್ದಾರಿ, ಢಾಬಾ, ಬಿಸಿಲು’ ಎಂದು ಪಕ್ಕದ ರೂಮಿನವರು ನಕ್ಕರು. ನಮಗೆ ಬೇಕಿದ್ದದ್ದು ಆ ಬಿಸಿಲ ನೆಲವೇ. ಚಳಿಗಾಲದಲ್ಲಿ ಅಲ್ಲಿಗೆ ನಮಗಿಂತ ದೂರದಿಂದ ಬರುವ ಅತಿಥಿಗಳಿರುತ್ತಾರೆ.

ನಾನು ದಾವಣಗೆರೆಯಲ್ಲಿ ಬಿಇ ಮೂರನೇ ವರ್ಷ ಓದುತ್ತಿದ್ದೇನೆ, ಎಲೆಕ್ಟ್ರಿಕಲ್ ಬ್ರಾಂಚ್. ನನ್ನ ರೂಮ್‌ಮೇಟ್‌ನ ಊರು ಆದಿವಾಲ. ಅವನ ಮನೆಯಲ್ಲಿ ಊಟ, ವಸತಿ ಉಚಿತ ಎಂಬುದೇ ನಮ್ಮ ಪ್ರವಾಸದ ಮೊದಲ ಆಕರ್ಷಣೆ. ಎರಡು ಬೈಕ್, ಸೀನಿಯರ್ ಒಬ್ಬರಿಂದ ಎರವಲು ಪಡೆದ ಒಂದು ಬೈನಾಕ್ಯುಲರ್, ತೇಜಸ್ವಿಯವರ ‘ಹಕ್ಕಿಪುಕ್ಕ’, ಮೊಬೈಲ್‌ನಲ್ಲಿ ಇ-ಬರ್ಡ್ ಮತ್ತು ಮರ್ಲಿನ್ ಆ್ಯಪ್. ಇಷ್ಟೇ ನಮ್ಮ ಸಾಮಗ್ರಿ.

ಹೆದ್ದಾರಿ ಬಿಟ್ಟರೆ ಹಕ್ಕಿ

ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿ.ಮೀ., ಅಲ್ಲಿಂದ ಹಿರಿಯೂರು ಇನ್ನೊಂದು 40 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಸ್‌ನಲ್ಲಿ ಹೋಗುವವರು ನಿದ್ದೆ ಮಾಡುವ ದಾರಿ ಇದು. ಪಶ್ಚಿಮಘಟ್ಟ ಮೋಡಗಳನ್ನೆಲ್ಲ ಆಚೆಗೇ ತಡೆದು ಬಿಡುವುದರಿಂದ ಇದು ಮಳೆ ನೆರಳಿನ ಸೀಮೆ. ಬೋಳು ಗುಡ್ಡ, ಜಾಲಿ, ಕಾರೆ, ಮೊಣಕಾಲೆತ್ತರದ ಒಣ ಹುಲ್ಲು, ನಡುನಡುವೆ ಕೊಳವೆಬಾವಿ ಇರುವಲ್ಲಿ ಅಡಿಕೆ, ತೆಂಗು.

ನಾವೊಂದು ನಿಯಮ ಹಾಕಿಕೊಂಡಿದ್ದೆವು. ಎಂಥ ಹಕ್ಕಿ ಕಂಡರೂ ಹೆದ್ದಾರಿಯ ಮೇಲೆ ಬೈಕ್ ನಿಲ್ಲಿಸುವುದಿಲ್ಲ, ಸರ್ವಿಸ್ ರಸ್ತೆಗೆ ಇಳಿದ ಮೇಲೆಯೇ ನೋಡುವುದು. ಚಿತ್ರದುರ್ಗ ದಾಟಿ ಮೊದಲ ಸಲ ಹಾಗೆ ಇಳಿದಾಗ ತಂತಿಯ ಮೇಲೆ ನೀಲಕಂಠ ಕುಳಿತಿತ್ತು. ಕುಳಿತಾಗ ಮಂಕು ಕಂದು ಬಣ್ಣದ ಹಕ್ಕಿ. ಹಾರಿದರೆ ಒಂದೇ ಕ್ಷಣದಲ್ಲಿ ರೆಕ್ಕೆಯ ತುಂಬ ಎರಡು ನೀಲಿ. ಇದು ಕರ್ನಾಟಕದ ರಾಜ್ಯ ಪಕ್ಷಿ. ಸಾಮಾನ್ಯ ಜ್ಞಾನದ ಪ್ರಶ್ನೆಗೆ ಉತ್ತರ ಬರೆದಿದ್ದ ನಮ್ಮ ನಾಲ್ವರಲ್ಲಿ ಇಬ್ಬರು ಅದನ್ನು ಕಣ್ಣಾರೆ ನೋಡಿದ್ದು ಅಂದೇ.

ಆ ಹಕ್ಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ದೇಶದ ಹಕ್ಕಿ ವೀಕ್ಷಕರು ದಾಖಲಿಸಿದ ಮಾಹಿತಿಯಿಂದ ತಯಾರಾದ ‘ಭಾರತದ ಪಕ್ಷಿಗಳ ಸ್ಥಿತಿಗತಿ 2023’ ವರದಿ 942 ಪ್ರಭೇದಗಳನ್ನು ಪರಿಶೀಲಿಸಿದೆ. ದೀರ್ಘಾವಧಿಯ ಏರಿಳಿತ ಲೆಕ್ಕ ಹಾಕಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ 60ರಷ್ಟು ಕಡಿಮೆಯಾಗಿವೆ. ಶೇ 30ಕ್ಕಿಂತ ಹೆಚ್ಚು ಕುಸಿದವುಗಳ ಪಟ್ಟಿಯಲ್ಲಿ ನಮ್ಮ ನೀಲಕಂಠವೂ ಇದೆ. ಹುಲಿಯಂತೆ ಇದು ದಟ್ಟ ಕಾಡಿನ ಜೀವಿಯಲ್ಲ. ಹೊಲ, ಬಯಲು, ತಂತಿ, ಬೇಲಿಗಳ ಹಕ್ಕಿ. ಕಣ್ಣೆದುರಿನದೇ ಕಡಿಮೆಯಾಗುತ್ತಿದ್ದರೆ ನಮಗೆ ತಿಳಿಯುವುದು ಕೊನೆಗೆ.

ಆರು ಎಕರೆಯ ಸಂಜೆ

ಶನಿವಾರ ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು ಉಂಡು ಮೂರೂವರೆಗೆ ರೂಮ್‌ಮೇಟ್‌ನ ಹೊಲಕ್ಕೆ ನಡೆದೆವು. ತೋಟ ಬೇರೆ, ಇದು ಊರಾಚೆಯ ಮಳೆಯಾಶ್ರಿತ ಹೊಲ, ಆರು ಎಕರೆ. ಅರ್ಧದಲ್ಲಿ ಶೇಂಗಾ ಕಿತ್ತಾಗಿತ್ತು. ಉಳಿದರ್ಧ ಎರಡು ವರ್ಷದಿಂದ ಉತ್ತಿಲ್ಲ, ಹುಲ್ಲು ಮತ್ತು ಜಾಲಿ ಬೆಳೆದಿದೆ. ಮೊದಲ ಹತ್ತು ನಿಮಿಷ ಏನೂ ಕಾಣಲಿಲ್ಲ. ‘ಬದುವಿನ ಮೇಲೆ ಸುಮ್ಮನೆ ಕೂತ್ಕಳ್ರಪ್ಪ’ ಎಂದರು ನಮ್ಮ ಜೊತೆ ಬಂದಿದ್ದ ಅವನ ಅಪ್ಪ.

ಕೂತ ಮೇಲೆ ಹೊಲ ತೆರೆದುಕೊಂಡಿತು. ಮಣ್ಣಿನ ಹೆಂಟೆ ಎಂದುಕೊಂಡಿದ್ದು ಎದ್ದು ಓಡಿತು, ಅದು ನೆಲಗುಬ್ಬಿ. ಬೇಲಿಯ ಸಾಲಿನಿಂದ ಗೌಜಲಕ್ಕಿಯ ಕೂಗು. ಜಾಲಿಯ ತುದಿಯಲ್ಲಿ ಕಳಿಂಗ. ಇದು ಹಿಡಿದ ಮಿಡತೆಯನ್ನು ಮುಳ್ಳಿಗೆ ಸಿಕ್ಕಿಸಿಟ್ಟು ಆಮೇಲೆ ತಿನ್ನುತ್ತದೆ ಎಂದು ಓದಿದ್ದೆವು. ಅಂಥ ಒಂದು ಒಣಗಿದ ಮಿಡತೆ ಮುಳ್ಳಿನಲ್ಲೇ ಸಿಕ್ಕಿತು. ಒಂದೇ ಜಾಗದಲ್ಲಿ ಗಾಳಿಗೆ ರೆಕ್ಕೆ ಬಡಿಯುತ್ತ ನಿಂತ ರಾಮದಾಸ ಹದ್ದು. ಕಿತ್ತ ಶೇಂಗಾ ಸಾಲಿನಲ್ಲಿ ಬಾಲ ಕುಣಿಸುವ ಹಳದಿ ಸಿಪಿಲೆಗಳು. ನಾಲ್ಕೂವರೆಗೆ ನೂರಕ್ಕೂ ಹೆಚ್ಚು ಗುಲಾಬಿ ಕಬ್ಬಕ್ಕಿಗಳು ಒಂದೇ ಚಾದರದಂತೆ ಬಂದು ಜಾಲಿ ಮರಗಳ ಮೇಲೆ ಇಳಿದವು. ಪೂರ್ವ ಯುರೋಪಿನಿಂದ ಮಧ್ಯ ಏಷ್ಯಾದವರೆಗಿನ ಬಯಲುಗಳಲ್ಲಿ ಮರಿ ಮಾಡಿ, ಚಳಿ ಕಳೆಯಲು ಇಲ್ಲಿಗೆ ಬರುವ ಹಕ್ಕಿ ಇವು. ಮಿಡತೆ ಕಂಡರೆ ಬಿಡುವುದಿಲ್ಲ. ಜೋಳದ ತೆನೆಯನ್ನೂ ಬಿಡುವುದಿಲ್ಲ, ಆದ್ದರಿಂದ ರೈತರಿಗೆ ಇವುಗಳ ಮೇಲೆ ಪ್ರೀತಿಯೂ ಇದೆ, ಸಿಟ್ಟೂ ಇದೆ.

ನಾವು ಕಾಯುತ್ತಿದ್ದ ಹಕ್ಕಿ ಬಂದಿದ್ದು ಸೂರ್ಯ ಮುಳುಗುವ ಹೊತ್ತಿಗೆ. ಸೆಳೆವ ಎಂಬ ಗಿಡುಗ. ಉದ್ದ ರೆಕ್ಕೆ, ಉದ್ದ ಬಾಲ, ಹುಲ್ಲಿಗೆ ತಾಗುವಷ್ಟು ಕೆಳಗೆ ತೇಲಿಕೊಂಡು ಬರುವ ಹಾರಾಟ. ಮೊದಲು ಒಂದು, ಹತ್ತು ನಿಮಿಷ ಬಿಟ್ಟು ಇನ್ನೆರಡು. ಕಂದು ಬಣ್ಣ, ಬಾಲದ ಬುಡದಲ್ಲಿ ಬಿಳಿ ಪಟ್ಟಿ, ಅಂದರೆ ಹೆಣ್ಣು ಅಥವಾ ಎಳೆಯ ಹಕ್ಕಿ. ಕಜಕಿಸ್ತಾನದಂಥ ದೂರದ ಹುಲ್ಲುಗಾವಲುಗಳಿಂದ ಸಾವಿರಾರು ಕಿಲೊಮೀಟರ್ ಹಾರಿ ಬರುವ ಇವು ಮರದ ಮೇಲೆ ಮಲಗುವುದಿಲ್ಲ. ಇವಕ್ಕೆ ಹಾಸಿಗೆ ಎಂದರೆ ನೆಲದ ಮೇಲಿನ ಹುಲ್ಲು. ನೋಡನೋಡುತ್ತ ಮೂರೂ ಹಕ್ಕಿಗಳು ಉತ್ತದೆ ಬಿಟ್ಟಿದ್ದ ಆ ಮೂರು ಎಕರೆಯ ಹುಲ್ಲಿನೊಳಗೆ ಇಳಿದು ಕಾಣೆಯಾದವು. ಹುಲ್ಲಿನ ಹತ್ತಿರ ಹೋಗದೆ, ಬದುವಿನಿಂದಲೇ ಎದ್ದು ವಾಪಸ್ ಬಂದೆವು. ಆ ಹೊಲದ ಪಟ್ಟಿಯಲ್ಲಿ ಒಟ್ಟು 31 ಬಗೆ ಆಗಿತ್ತು.

ಗುತ್ತಿಗೆ ಪತ್ರದ ಒಂದು ಸಾಲು

ರಾತ್ರಿ ಊಟವಾದ ಮೇಲೆ ರೂಮ್‌ಮೇಟ್‌ನ ಅಪ್ಪ ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದದ ಕಟ್ಟು ತೆಗೆದರು. ಸೋಲಾರ್ ಕಂಪನಿಯೊಂದು ಆ ಆರು ಎಕರೆಯನ್ನು 28 ವರ್ಷಕ್ಕೆ ಗುತ್ತಿಗೆ ಕೇಳಿದೆ. ಇಂಗ್ಲಿಷಿನಲ್ಲಿದ್ದ ಕರಡು ಪತ್ರವನ್ನು ‘ನೀವು ಎಂಜಿನಿಯರ್‌ಗಳು, ಓದಿ ಹೇಳಿ’ ಎಂದು ಮುಂದಿಟ್ಟರು. ಓದಿ ಕನ್ನಡದಲ್ಲಿ ಹೇಳುತ್ತ ಹೋದೆವು. ಜಮೀನಿನ ವಿವರದ ಕೋಷ್ಟಕದಲ್ಲಿ ‘ಈಗಿನ ಬಳಕೆ’ ಎಂಬುದರ ಮುಂದೆ ಒಂದೇ ಪದವಿತ್ತು: ಖಾಲಿ.

ನಾಲ್ವರೂ ಒಂದು ಕ್ಷಣ ಸುಮ್ಮನಾದೆವು. ಎರಡು ಗಂಟೆ ಮೊದಲು ಅದೇ ಜಾಗದಲ್ಲಿ 31 ಬಗೆಯ ಹಕ್ಕಿ ಬರೆದುಕೊಂಡಿದ್ದೆವು.

ಆದರೆ ಅವರ ಲೆಕ್ಕ ಸುಲಭದ್ದಲ್ಲ. ನೆರೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿ ರೈತರ ಭೂಮಿಯನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಈ ಸೀಮೆಯ ಎಲ್ಲ ರೈತರಿಗೂ ಆ ಅಂಕಿ ಬಾಯಿಪಾಠ. ಮಳೆ ಬಂದರೂ ಬಾರದಿದ್ದರೂ ಬರುವ ದುಡ್ಡು ಅದು. ‘ಹಕ್ಕಿ ಇರ್ಲಿ ಅಂತ ನನಗೂ ಆಸೆ ಐತಿ. ಈರುಳ್ಳಿ ರೇಟು ಬಿದ್ದಾಗ ಹಕ್ಕಿ ಬಂದು ಬಡ್ಡಿ ಕಟ್ತಾವಾ?’ ಎಂದರು. ಅದಕ್ಕೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಅವರ ಮಗನ ಕಾಲೇಜು ಫೀಸೂ ಆ ಲೆಕ್ಕದೊಳಗೇ ಇದೆ. ಅಷ್ಟೇ ಅಲ್ಲ, ಆ ಮಗ ಮುಂದೆ ಕೆಲಸ ಹುಡುಕಬೇಕೆಂದಿರುವುದೂ ಸೌರ, ಪವನ ವಿದ್ಯುತ್ ಕಂಪನಿಗಳಲ್ಲೇ. ನಾನೂ ಅಷ್ಟೆ.

ಕೋಡಿ ಬಿದ್ದ ಮಾರಿ ಕಣಿವೆ

ಭಾನುವಾರ ಬೆಳಿಗ್ಗೆ ಐದೂವರೆಗೆ ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು ವಾಣಿವಿಲಾಸ ಸಾಗರಕ್ಕೆ ಹೊರಟೆವು. ಹಿರಿಯೂರಿನಿಂದ ಸುಮಾರು 20 ಕಿ.ಮೀ. ಕಣಿವೆ ಮಾರಮ್ಮನ ಗುಡಿ ಇರುವುದರಿಂದ ಜನರ ಬಾಯಲ್ಲಿ ಇದು ಇಂದಿಗೂ ಮಾರಿ ಕಣಿವೆ. ವೇದಾವತಿ ನದಿಗೆ ಎರಡು ಗುಡ್ಡಗಳ ನಡುವೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಅಣೆಕಟ್ಟೆ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. 130 ಅಡಿ ತುಂಬಿ ಕೋಡಿ ಬಿದ್ದಿದ್ದು 1933ರಲ್ಲಿ, ಆಮೇಲೆ 89 ವರ್ಷ ಕಾದು 2022ರಲ್ಲಿ, ಮೂರನೇ ಬಾರಿ 2025ರ ಜನವರಿಯಲ್ಲಿ. ನಾವು ಹೋದಾಗ ಊರೂರಿನಿಂದ ಜನ ನೀರು ನೋಡಲು ಬಂದಿದ್ದರು. ಅಜ್ಜಿಯೊಬ್ಬರು ಕೋಡಿಯ ಕಡೆ ಕೈಮುಗಿದು ನಿಂತಿದ್ದರು. ಬರದ ಸೀಮೆಯಲ್ಲಿ ತುಂಬಿದ ಕೆರೆಗೆ ಇರುವ ಬೆಲೆ ಆ ಕೈಗಳಲ್ಲಿ ಕಾಣುತ್ತಿತ್ತು.

ಹಕ್ಕಿಗಳ ಲೆಕ್ಕ ಮಾತ್ರ ಬೇರೆ. ತುಂಬಿದ ಜಲಾಶಯದ ಅಂಚು ಆಳ. ಗೊರವ, ಮೆಟ್ಟುಗಾಲು ಹಕ್ಕಿಯಂಥ ಉದ್ದ ಕಾಲಿನವಕ್ಕೆ ಬೇಕಾದ್ದು ಪಾದ ಮುಳುಗುವಷ್ಟು ನೀರು ಮತ್ತು ಕೆಸರು. ಅದೆಲ್ಲ ಆಗ ಅಡಿಗಟ್ಟಲೆ ನೀರಿನ ಕೆಳಗಿತ್ತು. ದೊಡ್ಡ ನೀರಿನಲ್ಲಿ ನಮಗೆ ಸಿಕ್ಕಿದ್ದು ನೀರುಕಾಗೆ, ರೀವ, ಬೆಳ್ಳಕ್ಕಿ. ಅಲ್ಲಿಂದ ವಾಪಸ್ ಬರುವಾಗ ದಾರಿಯಲ್ಲಿ ಸಿಕ್ಕ, ಹೆಸರೂ ಕೇಳಿರದ ಪುಟ್ಟ ಕೆರೆಯೊಂದರ ತೆಳು ನೀರಿನಲ್ಲಿ ಒಂದೇ ಗಂಟೆಗೆ 26 ಬಗೆ! ನಾಮದ ಕೋಳಿ, ವರಟೆ, ಬಣ್ಣದ ಕೊಕ್ಕರೆ, ಉತ್ತರದಿಂದ ಬಂದ ಸೂಜಿಬಾಲದ ಬಾತುಗಳ ಒಂದು ಗುಂಪು. ನೀರು ಹೆಚ್ಚಿದ್ದಲ್ಲಿ ಹಕ್ಕಿ ಹೆಚ್ಚು ಎನ್ನುವಂತಿಲ್ಲ. ಯಾವ ಹಕ್ಕಿಗೆ ಎಷ್ಟು ಆಳ ಬೇಕು ಎಂಬುದು ಮುಖ್ಯ. ದೊಡ್ಡ ಜಲಾಶಯ, ಚಿಕ್ಕ ಕೆರೆ, ಒಣ ಹುಲ್ಲು ಮೂರೂ ಇದ್ದದ್ದರಿಂದಲೇ ಎರಡು ದಿನಕ್ಕೆ ನಮ್ಮ ಪಟ್ಟಿ 74 ಮುಟ್ಟಿತು.

ನೀರಿನ ಹಕ್ಕಿಗಳ ಜಾಗಕ್ಕೆ ಈಗ ಒಂದಿಷ್ಟು ಮನ್ನಣೆಯಾದರೂ ಇದೆ. ರಂಗನತಿಟ್ಟು 2022ರಲ್ಲಿ, ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸರ್ ತಾಣಗಳಾದವು. ಒಣ ಹುಲ್ಲುಗಾವಲಿಗೆ ಅಂಥ ಪಟ್ಟಿಯಿಲ್ಲ. ಸರ್ಕಾರಿ ನಕ್ಷೆಗಳಲ್ಲಿ ಕುರುಚಲು ಬಯಲಿಗೆ ಸಿಗುವ ಹೆಸರು ‘ಪಾಳುಭೂಮಿ’.

ಕಾವಲಿನ ಕಥೆ

ನಮ್ಮದೇ ಜಿಲ್ಲೆಯ ಚಳ್ಳಕೆರೆಯಲ್ಲಿ ಈ ಹೆಸರಿನ ಪರಿಣಾಮ ದೊಡ್ಡದಾಗಿ ಕಾಣುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಮುಂದೆ ಟಿಪ್ಪುವಿನ ಕಾಲದಲ್ಲಿ ‘ಅಮೃತ್ ಮಹಲ್’ ಆಯಿತು. ಆ ದನಗಳ ಮೇವಿಗೆ ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಕೃಷ್ಣಮೃಗ, ತೋಳ, ನೆಲಗುಬ್ಬಿ, ಅಪರೂಪದ ಎರೆಭೂತ ಹಕ್ಕಿಗೆ ನೆಲೆಯಾಗಿದ್ದ ಬಯಲು ಇವು. ಕುರಿಗಾಹಿಗಳಿಗೂ ಇವೇ ಆಧಾರ. 2008ರ ನಂತರ ಚಳ್ಳಕೆರೆಯ ಸುಮಾರು 10 ಸಾವಿರ ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಹಸಿರು ನ್ಯಾಯಮಂಡಳಿಯವರೆಗೆ ವಿಷಯ ಹೋಯಿತು.

ನಮ್ಮಂಥವರ ಇಕ್ಕಟ್ಟು ಇಲ್ಲೇ ಇದೆ. ಆ ಸಂಸ್ಥೆಗಳೇ ನಮ್ಮ ಕನಸಿನ ಕೆಲಸದ ಜಾಗಗಳು. ನಮ್ಮ ಕ್ಲಾಸಿನ ಅರ್ಧದಷ್ಟು ಮಂದಿಯ ಗುರಿ ಡಿಆರ್‌ಡಿಒ, ಇಸ್ರೊ. ‘ಅಭಿವೃದ್ಧಿ ಬೇಡ’ ಎಂದು ಹಾಸ್ಟೆಲ್ ರೂಮಿನ ಫ್ಯಾನ್ ಕೆಳಗೆ ಕೂತು ಹೇಳುವುದು ಸುಲಭ. ನಾಳೆ ನಾವೇ ನಕ್ಷೆಯ ಮುಂದೆ ಕೂತಾಗ ಯಾವ ಜಾಗವನ್ನು ‘ಖಾಲಿ’ ಎಂದು ಗುರುತು ಹಾಕುತ್ತೇವೆ ಎಂಬ ಪ್ರಶ್ನೆ ಕಷ್ಟದ್ದು.

ಎಂಜಿನಿಯರ್ ಏನು ಮಾಡಬಹುದು?

ವಾಪಸ್ ಬರಲು ಹೊಸದುರ್ಗ, ಹೊಳಲ್ಕೆರೆ ದಾರಿ ಹಿಡಿದೆವು. ಹೊಸದುರ್ಗದ ಕಡೆ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳ ಸಾಲು. ಎಳನೀರು ಕುಡಿಯಲು ನಿಂತಾಗ ಶುರುವಾದ ಚರ್ಚೆ ಎಳನೀರಿನ ಗಂಜಿ ಮುಗಿದರೂ ಮುಗಿಯಲಿಲ್ಲ. ಹಾಸ್ಟೆಲಿಗೆ ಬಂದು ಹುಡುಕಿ ಓದಿದಾಗ ತಿಳಿದ ಕೆಲವು ಸಂಗತಿಗಳು ಇಲ್ಲಿವೆ.

ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಗಾಳಿಯಂತ್ರಗಳಿಲ್ಲದ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚಿದ್ದವು. ಯಂತ್ರಗಳಿರುವ ಕಡೆ ತಿನ್ನುವವರು ಕಡಿಮೆಯಾಗಿ ಓತಿಗಳು ಹೆಚ್ಚಾಗಿದ್ದವು. ಅಂದರೆ ಹಕ್ಕಿ ರೆಕ್ಕೆಗೆ ಬಡಿದು ಸಾಯದಿದ್ದರೂ, ಅದು ಆ ಜಾಗ ಬಿಟ್ಟುಹೋದರೆ ಇಡೀ ಆಹಾರ ಸರಪಳಿ ಬದಲಾಗುತ್ತದೆ.

ಪರಿಹಾರಗಳೂ ಇವೆ. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಗಾಳಿಯಂತ್ರದ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದು ನೋಡಿದರು. ತಿರುಗುವಾಗ ರೆಕ್ಕೆಗಳು ಮಸುಕಾಗಿ ಕಾಣುವ ಬದಲು ಹಕ್ಕಿಯ ಕಣ್ಣಿಗೆ ಅಡ್ಡಿಯಾಗಿ ಕಂಡವು. ಸಾವು ಶೇ 70ರಷ್ಟು ಕಡಿಮೆಯಾಯಿತು ಎಂದು 2020ರ ವರದಿ ಹೇಳುತ್ತದೆ. ಒಂದು ಡಬ್ಬ ಪೇಂಟ್‌ನ ಎಂಜಿನಿಯರಿಂಗ್!

ತಂತಿಗಳ ವಿಚಾರ ಇನ್ನೂ ಸೂಕ್ಷ್ಮ. ನೀಲಕಂಠ, ಕಾಜಾಣಗಳಿಗೆ ತಂತಿ ಎಂದರೆ ಬೇಟೆಗೆ ಹೊಂಚು ಹಾಕುವ ಜಾಗ. ಎರೆಭೂತದಂಥ ಭಾರದ ಹಕ್ಕಿಗೆ ಅದೇ ತಂತಿ ಮೃತ್ಯು. ಅದರ ಕಣ್ಣುಗಳಿರುವುದು ತಲೆಯ ಎರಡು ಬದಿಗೆ, ಹಾಗಾಗಿ ನೇರ ಎದುರಿನದು ಸರಿಯಾಗಿ ಕಾಣದು. ಕಂಡಾಗಲೂ ಅಷ್ಟು ತೂಕದ ದೇಹವನ್ನು ತಟ್ಟನೆ ತಿರುಗಿಸಲಾಗದು. ರಾಜಸ್ಥಾನ, ಗುಜರಾತ್‌ಗಳಲ್ಲಿ ಈ ಹಕ್ಕಿಯ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿತು. 2024ರಲ್ಲಿ ಆ ಆದೇಶ ಮಾರ್ಪಡಿಸಿ, ಹಕ್ಕಿ ಉಳಿಸುವುದು ಮತ್ತು ಸೌರ ವಿದ್ಯುತ್ ಎರಡನ್ನೂ ತೂಗಿ ನೋಡಲು ತಜ್ಞರ ಸಮಿತಿ ರಚಿಸಿತು. ಹೈವೋಲ್ಟೇಜ್ ಕೇಬಲ್ ನೆಲದಡಿ ಹಾಕುವ ಖರ್ಚೆಷ್ಟು, ನಷ್ಟವೆಷ್ಟು, ತಂತಿಗೆ ಹೊಳೆಯುವ ಡೈವರ್ಟರ್ ತೂಗಿಬಿಟ್ಟರೆ ಎಷ್ಟು ಪ್ರಯೋಜನ? ಇವೆಲ್ಲ ನಮ್ಮ ಸಿಲಬಸ್ಸಿನ ಪಕ್ಕದಲ್ಲೇ ಇರುವ ಪ್ರಶ್ನೆಗಳು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಡೈವರ್ಟರ್ ವಿಷಯವನ್ನೇ ತೆಗೆದುಕೊಳ್ಳಲು ರೂಮ್‌ಮೇಟ್ ಮತ್ತು ನಾನು ಗೈಡ್ ಹತ್ತಿರ ಮಾತಾಡಿದ್ದೇವೆ. ‘ಡೇಟಾ ತನ್ನಿ’ ಎಂದಿದ್ದಾರೆ.

ಡೇಟಾ ಅಂದರೆ ಪಟ್ಟಿ. ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿ ಬರೆದಿಟ್ಟಿದ್ದರಿಂದಲೇ ಅಂದು ಎಲ್ಲಿ ಏನಿತ್ತು ಎಂದು ಇಂದು ಹೇಳಲು ಸಾಧ್ಯ. ಬರೆದಿಡದ ಜಾಗ ಯಾರಿಗೂ ಖಾಲಿಯೇ. ಆದಿವಾಲದ ಆ ಹೊಲದ ಪಟ್ಟಿಯನ್ನು ದಿನಾಂಕ, ಸಮಯ, ಸಂಖ್ಯೆ ಸಮೇತ ಅಂದೇ ಇ-ಬರ್ಡ್‌ಗೆ ಹಾಕಿದೆವು. ಸೆಳೆವಗಳು ಮಲಗುವ ಜಾಗದ ನಿಖರ ಗುರುತನ್ನು ಮಾತ್ರ ಹಾಕಲಿಲ್ಲ.

ಗುತ್ತಿಗೆ ಪತ್ರಕ್ಕೆ ರೂಮ್‌ಮೇಟ್‌ನ ಅಪ್ಪ ಇನ್ನೂ ಸಹಿ ಮಾಡಿಲ್ಲ. ಶೇಂಗಾ ಬೆಳೆಯುವ ಮೂರು ಎಕರೆ ಮಾತ್ರ ಕೊಟ್ಟು, ಹುಲ್ಲಿನ ಮೂರು ಎಕರೆ ಕುರಿಗೆ ಉಳಿಸಿಕೊಂಡರೆ ಹೇಗೆ ಎಂದು ಕಂಪನಿಯವರನ್ನು ಕೇಳಿದ್ದಾರಂತೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಪ್ಪದಿದ್ದರೆ ಆರೂ ಎಕರೆ ಕೊಟ್ಟುಬಿಡಬಹುದು. ಕೊಟ್ಟರೆ ಅವರನ್ನು ದೂರುವ ಹಕ್ಕು ನಮಗಿಲ್ಲ.

ನೀವೂ ಹೋಗಬೇಕೆಂದಿದ್ದರೆ

ಪೆಟ್ರೋಲ್, ತಿಂಡಿ, ಎಳನೀರು ಸೇರಿ ನಮಗೆ ತಲಾ 640 ರೂಪಾಯಿ ಖರ್ಚಾಯಿತು. ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರೂವರೆ ಒಳ್ಳೆಯ ಹೊತ್ತು. ನಾಲ್ವರಿಗೆ ಒಂದು ಬೈನಾಕ್ಯುಲರ್ ಸಾಕು, ಸರದಿ ಬರುವವರೆಗೆ ಕಿವಿ ಕೆಲಸ ಮಾಡುತ್ತದೆ. ಮಣ್ಣಿನ ಬಣ್ಣದ ಬಟ್ಟೆ, ನೀರು, ಟೋಪಿ ಇರಲಿ. ಹೊಲಕ್ಕೆ ಇಳಿಯುವ ಮೊದಲು ಹೊಲದವರನ್ನು ಕೇಳಿ. ಹೆಚ್ಚಿನವರು ಬೇಡ ಎನ್ನುವುದಿಲ್ಲ, ಹಕ್ಕಿಯ ಊರ ಹೆಸರನ್ನೂ ಹೇಳಿಕೊಡುತ್ತಾರೆ. ಫೋಟೊಗಾಗಿ ಹಕ್ಕಿಯನ್ನು ಎಬ್ಬಿಸಬೇಡಿ, ಮೊಬೈಲ್‌ನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ.

ಪ್ರವಾಸಕ್ಕೆ ಸಮಯವಿಲ್ಲದವರಿಗೂ ದಾರಿಯಿದೆ. ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಅದರ ಜೊತೆಗೇ ನಮ್ಮ ದೇಶದ ಕಾಲೇಜುಗಳಲ್ಲಿ ಕ್ಯಾಂಪಸ್ ಹಕ್ಕಿ ಎಣಿಕೆಯೂ ಇದೆ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಕಂಡದ್ದನ್ನು ಎಣಿಸಿ ಇ-ಬರ್ಡ್‌ಗೆ ಹಾಕಿದರೆ ಆಯಿತು. ಲ್ಯಾಬ್ ಹಿಂದಿನ ಪೊದೆ, ಹಾಸ್ಟೆಲ್ ಟ್ಯಾಂಕ್, ಹೊಸ ಬ್ಲಾಕ್‌ಗೆಂದು ಬಿಟ್ಟಿರುವ ಸೈಟು, ಎಲ್ಲಿಂದ ಬೇಕಾದರೂ ಶುರು ಮಾಡಿ. ನಮ್ಮ ಕಾಲೇಜಿನಲ್ಲಿ ಈಗಾಗಲೇ 11 ಜನ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಮೂವರು, ಆದಿವಾಲದಲ್ಲಿ ಏನಿದೆ ಎಂದು ನಕ್ಕ ಪಕ್ಕದ ರೂಮಿನವರು.